ಔಷಧ ಕೊಡುವವರ ವಿದ್ಯೆ

ನಮ್ಮ ಸೋದರಮಾವನವರಿಗೆ ಎಪ್ಪತ್ತೆರಡು ವರ್ಷ. ರಕ್ತದೊತ್ತಡಕ್ಕೆಂದು ಊರಿನ ವೈದ್ಯರು ಬರೆದುಕೊಟ್ಟಿದ್ದ ಮಾತ್ರೆಯನ್ನು ಅವರು ಹಲವು ವರ್ಷಗಳಿಂದ ತಪ್ಪದೆ ಸೇವಿಸುತ್ತಿದ್ದರು. ಒಮ್ಮೆ ಮಗನ ಮನೆಗೆಂದು ನಗರಕ್ಕೆ ಬಂದಾಗ ಅಲ್ಲಿಯ ವೈದ್ಯರೊಬ್ಬರಿಗೂ ತೋರಿಸಿದರು. ಅವರು ಬೇರೊಂದು ಹೆಸರಿನ ಮಾತ್ರೆಯನ್ನು ಬರೆದರು. ಹಳೆಯದನ್ನು ನಿಲ್ಲಿಸಬೇಕೆಂದು ಯಾರೂ ಹೇಳಲಿಲ್ಲ. ನಿಲ್ಲಿಸಬೇಕೇ ಎಂದು ಮಾವನವರೂ ಕೇಳಲಿಲ್ಲ. ತಿಂಗಳೊಳಗೆ ಅವರ ಕಾಲುಗಳು ಊದಿಕೊಂಡವು. ಮೂರನೆಯ ವೈದ್ಯರೊಬ್ಬರು ಊತವಿಳಿಯಲೆಂದು ಮೂತ್ರವನ್ನು ಹೆಚ್ಚಿಸುವ ಮಾತ್ರೆಯನ್ನು ಕೊಟ್ಟರು. ಕೆಲವೇ ದಿನಗಳಲ್ಲಿ ಮಾವನವರು ಬೆಳಗಿನ ಹೊತ್ತು ಹಾಸಿಗೆಯಿಂದ ಏಳುವಾಗ ತಲೆಸುತ್ತಿ ಬಿದ್ದು ಆಸ್ಪತ್ರೆಯನ್ನು ಸೇರಿದರು.

ಅಲ್ಲಿ ಅವರ ತೊಂದರೆಯ ಮೂಲವನ್ನು ಕಂಡುಹಿಡಿದವರು ವೈದ್ಯರಲ್ಲ, ದಾದಿಯರೂ ಅಲ್ಲ. ಔಷಧ ವಿಜ್ಞಾನದ ಕೊನೆಯ ವರ್ಷದಲ್ಲಿ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ತರಬೇತಿಗೆಂದು ಆ ವಾರ್ಡಿಗೆ ಬಂದಿದ್ದಳು. ಅವಳು ಮಾವನವರ ಪಕ್ಕದಲ್ಲಿ ಕುಳಿತು, “ತಾತ, ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದೂ ಬಿಡದೆ ತರಿಸಿಕೊಡುತ್ತೀರಾ?” ಎಂದು ಕೇಳಿದಳು. ನಾವು ಚೀಲವನ್ನು ತಂದು ಹಾಸಿಗೆಯ ಮೇಲೆ ಸುರಿದೆವು. ಎರಡು ಬಣ್ಣದ ಎರಡು ಹಾಳೆಗಳನ್ನು ಅವಳು ಬೇರೆಯಾಗಿ ತೆಗೆದಿಟ್ಟಳು. ಹೆಸರುಗಳು ಬೇರೆ, ಕಂಪನಿಗಳು ಬೇರೆ; ಒಳಗಿನ ಔಷಧ ಮಾತ್ರ ಒಂದೇ, ಆಮ್ಲೊಡಿಪಿನ್. ಮಾವನವರು ದಿನಕ್ಕೆ ಎರಡರಷ್ಟನ್ನು ನುಂಗುತ್ತಿದ್ದರು. ಕಾಲಿನ ಊತವು ಆ ಔಷಧದ್ದೇ ಉಪಪರಿಣಾಮ. ಊತಕ್ಕೆ ಕೊಟ್ಟ ಮಾತ್ರೆಯು ರಕ್ತದೊತ್ತಡವನ್ನು ಇನ್ನೂ ಇಳಿಸಿತ್ತು. ಅವಳು ವಿಷಯವನ್ನು ವೈದ್ಯರಿಗೆ ತಿಳಿಸಿದಳು. ಅವರು ಎರಡು ಮಾತ್ರೆಗಳನ್ನು ನಿಲ್ಲಿಸಿದರು. ವಾರದಲ್ಲಿ ಮಾವನವರು ನಡೆದುಕೊಂಡು ಮನೆಗೆ ಬಂದರು.

ಮೂವರು ವೈದ್ಯರೂ ತಮ್ಮ ತಮ್ಮ ಮಟ್ಟಿಗೆ ಸರಿಯಾಗಿಯೇ ನಡೆದುಕೊಂಡಿದ್ದರೆಂಬುದನ್ನು ವಾಚಕರು ಗಮನಿಸಬೇಕು. ಕೊರತೆಯಿದ್ದುದು ಮೂರು ಚೀಟಿಗಳನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವ ಒಬ್ಬರದು. ಆ ಮೂರು ಚೀಟಿಗಳೂ ಹಾದುಹೋದ ಸ್ಥಳ ಔಷಧದ ಅಂಗಡಿ. ಅಲ್ಲಿ ನಡೆದುದೇನು? ಕತ್ತರಿಯಿಂದ ಮಾತ್ರೆಯ ಹಾಳೆಯನ್ನು ಕತ್ತರಿಸಿ, ಕಾಗದದ ಲಕೋಟೆಯಲ್ಲಿ ಹಾಕಿ, ಮೇಲೆ ‘1-0-1’ ಎಂದು ಗೀಚಿ ಕೊಟ್ಟರು. ಔಷಧದ ಹೆಸರೂ ಅವಧಿ ಮುಗಿಯುವ ದಿನಾಂಕವೂ ಇದ್ದ ತುಂಡು ಅಂಗಡಿಯಲ್ಲಿಯೇ ಉಳಿಯಿತು.

ಔಷಧ ಕೊಡುವವರ ವಿದ್ಯೆಯು ಬಾಟಲಿಯಿಂದ ರೋಗಿಯ ಕಡೆಗೆ ತಿರುಗಬೇಕು. ಹಾಗೆ ತಿರುಗಿದವರಿಗೆ ಆಸ್ಪತ್ರೆಯಲ್ಲಿ ಸ್ಥಾನವಿರಬೇಕು. ಆ ಸ್ಥಾನದಿಂದ ಜನರಿಗೆ ನಿಜವಾಗಿ ಹಿತವಾಯಿತೇ ಎಂಬುದನ್ನು ಅಳೆದು ನೋಡಬೇಕು. ಈ ಲೇಖನದಲ್ಲಿ ನಾವು ಪ್ರತಿಪಾದಿಸಲಿರುವುದು ಇದನ್ನೇ. ಈ ವಿದ್ಯೆಗೆ ಕ್ಲಿನಿಕಲ್ ಫಾರ್ಮಸಿ ಎಂದು ಹೆಸರು. ಹಾಸಿಗೆಯ ಬಳಿಯ ಔಷಧವಿದ್ಯೆ ಎಂದು ನಾವು ಕನ್ನಡದಲ್ಲಿ ಕರೆಯಬಹುದು.

ಒಂದು ಲೆಕ್ಕ

ನಾವು ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುವವರು. ಔಷಧದ ವಿಷಯದಲ್ಲಿ ನಮಗೇನು ಕೆಲಸ ಎಂದು ಯಾರಾದರೂ ಕೇಳಬಹುದು. ವಿಕಿರಣಶೀಲ ವಸ್ತುಗಳ ಪಾಠದಲ್ಲಿ ನಾವು ಕಪ್ಪುಹಲಗೆಯ ಮೇಲೆ ಬರೆಯುವ ‘ಅರ್ಧಾಯು’ ಎಂಬ ಮಾತೇ ಔಷಧ ವಿಜ್ಞಾನದ ಮೊದಲ ಪಾಠಗಳಲ್ಲಿಯೂ ಬರುತ್ತದೆ ಎಂಬುದೇ ನಮ್ಮ ಉತ್ತರ. ದೇಹದಲ್ಲಿರುವ ಔಷಧವು ಅರ್ಧಕ್ಕಿಳಿಯಲು ಹಿಡಿಯುವ ಕಾಲವೇ ಅದರ ಅರ್ಧಾಯು.

ಒಂದು ಔಷಧದ ಅರ್ಧಾಯು 24 ಗಂಟೆ ಎಂದು ಭಾವಿಸಿ. ದಿನಕ್ಕೊಮ್ಮೆ 100 ಮಿಲಿಗ್ರಾಂ ಸೇವಿಸಿದರೆ, ಎರಡನೆಯ ದಿನ ಮಾತ್ರೆ ನುಂಗುವ ಹೊತ್ತಿಗೆ ಹಿಂದಿನದರಲ್ಲಿ 50 ಉಳಿದಿರುತ್ತದೆ; ಹೊಸ 100 ಸೇರಿ 150. ಮೂರನೆಯ ದಿನ 175, ನಾಲ್ಕನೆಯ ದಿನ 187.5, ಐದನೆಯ ದಿನ ಸುಮಾರು 194. ಹೀಗೆ ಏರುತ್ತ ಅದು 200ರ ಬಳಿ ನಿಲ್ಲುತ್ತದೆ. ಆಗ ದಿನದಲ್ಲಿ ಹೊರಹೋಗುವುದೂ ಒಳಬರುವುದೂ ಸಮವಾಗುತ್ತವೆ. ನಾಲ್ಕೈದು ಅರ್ಧಾಯುಗಳು ಕಳೆಯುವವರೆಗೆ ಔಷಧದ ಪೂರ್ಣ ಫಲವನ್ನು ನಿರೀಕ್ಷಿಸಬಾರದೆಂಬ ನಿಯಮವು ಹೊರಡುವುದು ಇಲ್ಲಿಂದಲೇ. ಎರಡು ದಿನ ಗುಣ ಕಾಣಲಿಲ್ಲವೆಂದು ತಾವಾಗಿಯೇ ಇನ್ನೊಂದು ಮಾತ್ರೆಯನ್ನು ಹೆಚ್ಚಿಗೆ ನುಂಗುವವರು ಈ ಸರಳ ಲೆಕ್ಕವನ್ನು ಬಲ್ಲವರಲ್ಲ.

ಈಗ ಅದೇ ಔಷಧವು ಮೂತ್ರಪಿಂಡಗಳ ಮೂಲಕ ಹೊರಹೋಗುವಂತಹದೆಂದೂ, ವೃದ್ಧರೊಬ್ಬರ ಮೂತ್ರಪಿಂಡಗಳು ದುರ್ಬಲವಾದುದರಿಂದ ಅರ್ಧಾಯುವು 48 ಗಂಟೆಗೆ ಏರಿತೆಂದೂ ಇಟ್ಟುಕೊಳ್ಳೋಣ. ಅದೇ 100 ಮಿಲಿಗ್ರಾಂ ಮಾತ್ರೆಯಿಂದ ಇವರ ದೇಹದಲ್ಲಿ ಸಂಗ್ರಹವಾಗುವುದು 200 ಅಲ್ಲ, ಸುಮಾರು 341. ಚೀಟಿಯೂ ಒಂದೇ, ಮಾತ್ರೆಯೂ ಒಂದೇ, ಬೇರೆಯಾದುದು ಮನುಷ್ಯ. ಬಾಟಲಿಯನ್ನು ಮಾತ್ರ ಬಲ್ಲವರಿಗೆ ಈ ವ್ಯತ್ಯಾಸವು ಕಾಣುವಂತಿಲ್ಲ.

ಇದಕ್ಕಿಂತ ಕಠಿನವಾದ ಉದಾಹರಣೆಗಳೂ ಉಂಟು. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಎಂಬ ಔಷಧವನ್ನು ಯಕೃತ್ತಿನ ಕಿಣ್ವಗಳು ಒಡೆದುಹಾಕುತ್ತವೆ. ಕಿಣ್ವಗಳ ಶಕ್ತಿಗೆ ಒಂದು ಮಿತಿ. ಟಿಕೆಟ್ಟಿನ ಕಿಟಕಿಯ ಮುಂದೆ ಜನ ಹೆಚ್ಚಿದಷ್ಟೂ ಸಾಲು ಬೆಳೆಯುವುದಲ್ಲದೆ ಟಿಕೆಟ್ಟು ಕೊಡುವ ಕೈಯ ವೇಗವು ಹೆಚ್ಚುವುದಿಲ್ಲವಷ್ಟೆ. ಒಬ್ಬ ಕಲ್ಪಿತ ರೋಗಿಯ ಯಕೃತ್ತು ದಿನಕ್ಕೆ ಹೆಚ್ಚೆಂದರೆ 500 ಮಿಲಿಗ್ರಾಂ ಔಷಧವನ್ನು ಒಡೆಯಬಲ್ಲುದು, ರಕ್ತದಲ್ಲಿ ಲೀಟರಿಗೆ 4 ಮಿಲಿಗ್ರಾಂ ಇದ್ದಾಗ ಅದರ ಅರ್ಧ ವೇಗದಲ್ಲಿ ಕೆಲಸ ಮಾಡುವುದು ಎಂದುಕೊಂಡು ಲೆಕ್ಕ ಹಾಕಿದರೆ, ದಿನಕ್ಕೆ 300 ಮಿಲಿಗ್ರಾಂ ಕೊಟ್ಟಾಗ ರಕ್ತದಲ್ಲಿ ಲೀಟರಿಗೆ 6 ಮಿಲಿಗ್ರಾಂ ಇರುತ್ತದೆ. 400 ಕೊಟ್ಟರೆ 16. ಇನ್ನು 50ನ್ನೇ ಹೆಚ್ಚಿಸಿ 450 ಕೊಟ್ಟರೆ 36! ಸಾಮಾನ್ಯವಾಗಿ ಹಿತವೆನಿಸಿದ ಮಿತಿ 10ರಿಂದ 20. ಅದನ್ನು ಮೀರಿದರೆ ಕಣ್ಣುಗುಡ್ಡೆಗಳ ಅದುರುವಿಕೆ, ತೂರಾಡುವ ನಡೆ, ಮಂಪರು ತೋರುತ್ತವೆ. ಅರ್ಧ ಮಾತ್ರೆಯ ಏರಿಕೆಯು ಇಮ್ಮಡಿಗಿಂತ ಹೆಚ್ಚಿನ ಫಲವನ್ನು ತಂದಿತೆಂದರೆ ಅದು ಮಾಯೆಯಲ್ಲ, ಗಣಿತ.

1968ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದಲ್ಲಿ ಈ ಗಣಿತವು ಜನರ ಮೈಮೇಲೆ ಪ್ರಯೋಗವಾದಂತಾಯಿತು. ಫೆನಿಟಾಯಿನ್ ಸೇವಿಸುತ್ತಿದ್ದ ಅನೇಕರಲ್ಲಿ ವಿಷದ ಲಕ್ಷಣಗಳು ಕಾಣಿಸಿಕೊಂಡವು. ಔಷಧದ ಪ್ರಮಾಣವು ಬದಲಾಗಿರಲಿಲ್ಲ. ಬದಲಾದುದು ಕ್ಯಾಪ್ಸೂಲನ್ನು ತುಂಬಲು ಬಳಸುವ ಪುಡಿ. ಕ್ಯಾಲ್ಸಿಯಂ ಸಲ್ಫೇಟಿನ ಸ್ಥಾನಕ್ಕೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಬಂದಿತ್ತು. ಹೊಸ ಪುಡಿಯೊಡನೆ ಔಷಧವು ಕರುಳಿನಿಂದ ಹೆಚ್ಚಾಗಿ ಹೀರಲ್ಪಟ್ಟಿತು. ಕ್ಯಾಪ್ಸೂಲಿನ ಸಂಯೋಜನೆಯನ್ನೂ ರೋಗಿಯ ನಡಿಗೆಯನ್ನೂ ಒಟ್ಟಿಗೆ ಗಮನಿಸಬಲ್ಲ ಕಣ್ಣು ಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾವರಿಯೆವು.

ಅನುಪಾನ ಮತ್ತು ಪಥ್ಯ

ನಮ್ಮ ಹಳೆಯ ಪಂಡಿತರು ಗುಳಿಗೆಯನ್ನು ಕೊಡುವಾಗ ಎರಡು ಮಾತುಗಳನ್ನು ತಪ್ಪದೆ ಹೇಳುತ್ತಿದ್ದರು: ಯಾವುದರೊಡನೆ ಸೇವಿಸಬೇಕೆಂಬ ಅನುಪಾನ, ಏನನ್ನು ಬಿಡಬೇಕೆಂಬ ಪಥ್ಯ. ಇಂದಿಗೂ ಹಳ್ಳಿಯಿಂದ ಬಂದ ಹಿರಿಯರು ಔಷಧದ ಅಂಗಡಿಯಲ್ಲಿ “ಪಥ್ಯ ಏನಾದರೂ ಉಂಟೇ?” ಎಂದು ಕೇಳುವುದನ್ನು ನೋಡಬಹುದು. ಅಂಗಡಿಯ ಹುಡುಗನು ನಕ್ಕು, “ಏನೂ ಇಲ್ಲ ಅಜ್ಜ, ಊಟ ಆದ ಮೇಲೆ ತಗೊಳ್ಳಿ” ಎಂದುಬಿಡುತ್ತಾನೆ. ಪ್ರಶ್ನೆಯು ಶಾಸ್ತ್ರೀಯವಾದುದು; ಉತ್ತರವೇ ಅಶಾಸ್ತ್ರೀಯ.

ಏಕೆಂದರೆ ಆಧುನಿಕ ಔಷಧಗಳಿಗೂ ಅನುಪಾನ ಪಥ್ಯಗಳಿವೆ. ಥೈರಾಯಿಡ್ ಗ್ರಂಥಿಯ ಕೊರತೆಗೆ ಕೊಡುವ ಥೈರಾಕ್ಸಿನ್ ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಬೇಕು. ಬೆನ್ನಿಗೇ ಕಾಫಿ ಕುಡಿದರೆ ಅದು ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಮುಂಜಾನೆಯ ಕಾಫಿಯನ್ನು ಪೂಜೆಯಂತೆ ನಡೆಸುವ ನಮ್ಮ ನಾಡಿನಲ್ಲಿ ಇದನ್ನು ಯಾರಾದರೂ ಹೇಳಲೇಬೇಕು. ಟೆಟ್ರಾಸೈಕ್ಲಿನ್ ಔಷಧವನ್ನು ಹಾಲಿನೊಡನೆ ಕೊಟ್ಟರೆ ಹಾಲಿನ ಕ್ಯಾಲ್ಸಿಯಂ ಅದನ್ನು ಹಿಡಿದುಕೊಂಡು ನಿಷ್ಫಲಗೊಳಿಸುತ್ತದೆ. ಮಕ್ಕಳ ಔಷಧದ ಒಂದು ಚಮಚವೆಂದರೆ 5 ಮಿಲಿಲೀಟರು. ಮನೆಯ ಚಮಚಗಳಾದರೋ ಒಂದರಂತೆ ಒಂದಿಲ್ಲ. ಅಳತೆಯ ಉಪಕರಣವೇ ತಪ್ಪಾದರೆ ಪ್ರಯೋಗವು ಕೆಡುವುದೆಂದು ನಾವು ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳನ್ನು ಗದರುತ್ತೇವೆ. ಮಗುವಿನ ವಿಷಯದಲ್ಲಿ ಆ ಎಚ್ಚರವು ಅಡಿಗೆಮನೆಗೆ ತಲುಪಿಯೇ ಇಲ್ಲ.

ಇವೆಲ್ಲ ಚಿಕ್ಕ ನಷ್ಟಗಳೆಂದು ಯಾರಾದರೂ ಹೇಳಿದರೆ, ಮೆಥೊಟ್ರೆಕ್ಸೇಟ್ ಎಂಬ ಔಷಧವನ್ನು ಅವರ ಮುಂದಿಡುವೆವು. ಸಂಧಿವಾತಕ್ಕೆ ಇದನ್ನು ವಾರಕ್ಕೆ ಒಮ್ಮೆ ಮಾತ್ರ ಕೊಡುತ್ತಾರೆ. ದಿನಕ್ಕೊಂದು ಎಂದು ತಪ್ಪಾಗಿ ತಿಳಿದು ಸೇವಿಸಿದವರ ಅಸ್ಥಿಮಜ್ಜೆಯು ರಕ್ತಕಣಗಳನ್ನು ತಯಾರಿಸುವುದನ್ನೇ ನಿಲ್ಲಿಸಿ, ಪ್ರಾಣಹಾನಿಯಾದ ಪ್ರಸಂಗಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ‘ವಾರಕ್ಕೊಂದು, ಸೋಮವಾರ ಮಾತ್ರ’ ಎಂಬ ಮೂರು ಪದಗಳನ್ನು ರೋಗಿಯ ಮಾತಿನಲ್ಲಿ ಹೇಳಿ, ಅವರ ಬಾಯಿಂದ ಮರಳಿ ಹೇಳಿಸುವುದಕ್ಕೆ ಒಂದು ನಿಮಿಷವೂ ಬೇಡ.

ವಿದ್ಯೆ ಬೆಳೆದ ಬಗೆ

ಈ ವಿದ್ಯೆಯು ಎಲ್ಲಿ ಹುಟ್ಟಿತು? 1966ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಒಂದು ಪ್ರಯೋಗವು ಆರಂಭವಾಯಿತು. ಆಸ್ಪತ್ರೆಯ ಔಷಧಾಲಯವು ಸಾಮಾನ್ಯವಾಗಿ ನೆಲಮಾಳಿಗೆಯಲ್ಲೋ ಹೊರಮೂಲೆಯಲ್ಲೋ ಇರುವುದು ವಾಡಿಕೆ. ಅಲ್ಲಿ ಒಂಬತ್ತನೆಯ ಅಂತಸ್ತಿನಲ್ಲಿ, ರೋಗಿಗಳು ಮಲಗುವೆಡೆಯಲ್ಲಿಯೇ, ಒಂದು ಚಿಕ್ಕ ಔಷಧಾಲಯವನ್ನು ತೆರೆದು ಫಾರ್ಮಸಿಸ್ಟರನ್ನು ಕೂರಿಸಿದರು. ವೈದ್ಯರು, ದಾದಿಯರು ಸಂದೇಹ ಬಂದಾಗಲೆಲ್ಲ ಅವರನ್ನು ಕೇಳತೊಡಗಿದರು. ಒಂಬತ್ತನೆಯ ಅಂತಸ್ತಿನ ಯೋಜನೆ ಎಂದೇ ಹೆಸರಾದ ಈ ಪ್ರಯೋಗವನ್ನು ಕ್ಲಿನಿಕಲ್ ಫಾರ್ಮಸಿಯ ಆರಂಭಗಳಲ್ಲಿ ಒಂದೆಂದು ಎಣಿಸುತ್ತಾರೆ. 1990ರಲ್ಲಿ ಹೆಪ್ಲರ್ ಮತ್ತು ಸ್ಟ್ರಾಂಡ್ ಎಂಬ ಇಬ್ಬರು ವಿದ್ವಾಂಸರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಔಷಧವನ್ನು ಸರಿಯಾಗಿ ಎಣಿಸಿಕೊಟ್ಟ ಮಾತ್ರಕ್ಕೆ ಫಾರ್ಮಸಿಸ್ಟರ ಹೊಣೆ ತೀರುವುದಿಲ್ಲ, ಅದರಿಂದ ರೋಗಿಗೆ ಆದ ಫಲಕ್ಕೂ ಅವರು ಭಾಗಿಗಳು ಎಂದು ವಾದಿಸಿದರು.

ನಮ್ಮ ದೇಶದ ಔಷಧ ಶಿಕ್ಷಣವು ಹಿಡಿದ ದಾರಿ ಬೇರೆ. 1932ರಲ್ಲಿ ಮಹಾದೇವ ಲಾಲ್ ಶ್ರಾಫರ ಪ್ರಯತ್ನದಿಂದ ಬನಾರಸ ಹಿಂದೂ ವಿಶ್ವವಿದ್ಯಾಲಯದಲ್ಲಿ ಔಷಧ ರಸಾಯನಶಾಸ್ತ್ರದ ಬೋಧನೆಯು ಆರಂಭವಾಯಿತು. 1948ರ ಫಾರ್ಮಸಿ ಅಧಿನಿಯಮವು ನೋಂದಾಯಿತ ಫಾರ್ಮಸಿಸ್ಟರ ಹೊರತು ಇತರರು ವೈದ್ಯರ ಚೀಟಿಗೆ ಔಷಧವನ್ನು ಕೊಡಬಾರದೆಂದು ವಿಧಿಸಿತು. ದೇಶಕ್ಕೆ ಆಗ ಬೇಕಾಗಿದ್ದುದು ಔಷಧಗಳನ್ನು ತಯಾರಿಸುವ ಕಾರ್ಖಾನೆಗಳು. ಕಾಲೇಜುಗಳು ಆ ಕಾರ್ಖಾನೆಗಳಿಗೆ ಬೇಕಾದವರನ್ನು ಸಿದ್ಧಪಡಿಸಿದುವು. ಅದು ತಪ್ಪೆಂದು ನಾವು ಹೇಳುವುದಿಲ್ಲ. ಭಾರತದ ಮಾತ್ರೆಗಳು ಇಂದು ಜಗತ್ತಿನ ಅನೇಕ ದೇಶಗಳಿಗೆ ಹೋಗುತ್ತಿರುವುದು ಆ ಶಿಕ್ಷಣದ ಫಲವೇ. ಆದರೆ ಮಾತ್ರೆಯನ್ನು ತಯಾರಿಸಲು ಕಲಿತ ದೇಶವು ಅದನ್ನು ಕೈಗಿಡುವ ಕಲೆಯನ್ನು ಕಲಿಯಲು ತಡಮಾಡಿತು.

ಆ ಕಲಿಕೆಯ ಆರಂಭದಲ್ಲಿ ನಮ್ಮ ನಾಡಿಗೂ ಪಾಲುಂಟು. 1990ರ ದಶಕದ ಉತ್ತರಾರ್ಧದಲ್ಲಿ ಮೈಸೂರಿನ ಮತ್ತು ಊಟಿಯ ಜೆ.ಎಸ್.ಎಸ್. ಫಾರ್ಮಸಿ ಕಾಲೇಜುಗಳು, ವಿದ್ಯಾರ್ಥಿಗಳು ಆಸ್ಪತ್ರೆಯ ವಾರ್ಡುಗಳಲ್ಲಿಯೇ ಕಲಿಯುವಂತಹ ಸ್ನಾತಕೋತ್ತರ ಶಿಕ್ಷಣವನ್ನು ಆರಂಭಿಸಿದುವು. ಭಾರತದಲ್ಲಿ ಈ ಬಗೆಯ ಶಿಕ್ಷಣಕ್ಕೆ ಅವು ಮೊದಲಿಗರ ಸಾಲಿನವು. 2008ರಲ್ಲಿ ಭಾರತೀಯ ಫಾರ್ಮಸಿ ಪರಿಷತ್ತು ಫಾರ್ಮ್ ಡಿ ಎಂಬ ಆರು ವರ್ಷಗಳ ಶಿಕ್ಷಣಕ್ಕೆ ನಿಯಮಗಳನ್ನು ರೂಪಿಸಿತು. ಅದರ ಕೊನೆಯ ವರ್ಷವನ್ನು ಪೂರ್ತಿಯಾಗಿ ಆಸ್ಪತ್ರೆಯಲ್ಲಿ ಕಳೆಯಬೇಕು. 2010ರಲ್ಲಿ ಔಷಧಗಳ ದುಷ್ಪರಿಣಾಮಗಳನ್ನು ದೇಶದಾದ್ಯಂತ ದಾಖಲಿಸುವ ಕಾರ್ಯಕ್ರಮವು ಆರಂಭವಾಯಿತು. 2015ರ ನಿಯಮಗಳು ರೋಗಿಗೆ ಔಷಧದ ಬಗ್ಗೆ ತಿಳಿಯಹೇಳುವುದನ್ನು ಫಾರ್ಮಸಿಸ್ಟರ ಕರ್ತವ್ಯಗಳಲ್ಲಿ ಸೇರಿಸಿದುವು. ಕಾಗದದ ಮೇಲೆ ನಾವು ಹಿಂದುಳಿದಿಲ್ಲ.

ಅಳೆದು ನೋಡಿದವರು

ಹೀಗಿರಲು, ವಿಜ್ಞಾನದ ವಿದ್ಯಾರ್ಥಿಯಾದವನು ಒಂದು ಪ್ರಶ್ನೆಯನ್ನು ಕೇಳಲೇಬೇಕು: ಇದರಿಂದ ಜನರಿಗೆ ಹಿತವಾಗುವುದೆಂಬುದಕ್ಕೆ ಪ್ರಮಾಣವೇನು? ನಮ್ಮ ಮಾವನವರ ಕಥೆಯು ಪ್ರಮಾಣವಲ್ಲ. ಒಂದು ಮಾವಿನಹಣ್ಣು ಸಿಹಿಯಾಗಿತ್ತೆಂದು ತೋಪಿಗೇ ಬೆಲೆ ಕಟ್ಟಲಾಗದು.

1999ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಅಮೆರಿಕದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ನಡೆಯಿತು. ತೀವ್ರ ನಿಗಾ ಘಟಕದ ವೈದ್ಯರು ಬೆಳಗ್ಗೆ ರೋಗಿಗಳನ್ನು ನೋಡಲು ಹೊರಟಾಗ ಒಬ್ಬ ಹಿರಿಯ ಫಾರ್ಮಸಿಸ್ಟರೂ ಜೊತೆಗೆ ಹೋದರು. ಔಷಧ ಬರೆಯುವಲ್ಲಿನ ತಪ್ಪುಗಳಿಂದ ಆಗುತ್ತಿದ್ದ, ತಡೆಯಬಹುದಾದ ಹಾನಿಗಳನ್ನು ಎಣಿಸಲಾಯಿತು. ಒಬ್ಬ ರೋಗಿ ಒಂದು ದಿನ ಇದ್ದರೆ ಒಂದು ರೋಗಿದಿನ. ಅಂತಹ ಸಾವಿರ ದಿನಗಳಿಗೆ ಮೊದಲು 10.4 ಹಾನಿಗಳಾಗುತ್ತಿದ್ದಲ್ಲಿ ಬಳಿಕ 3.5 ಆದುವು. ಫಾರ್ಮಸಿಸ್ಟರು ಹೋಗದಿದ್ದ ಇನ್ನೊಂದು ಘಟಕದಲ್ಲಿ ಇಂತಹ ಇಳಿಕೆಯು ಕಾಣಲಿಲ್ಲ. ಇನ್ನೊಂದು ಸಂಖ್ಯೆಯು ನಮಗೆ ಇನ್ನೂ ಹೆಚ್ಚು ಅರ್ಥವತ್ತಾಗಿ ಕಂಡಿತು: ಫಾರ್ಮಸಿಸ್ಟರು ಸೂಚಿಸಿದ 366 ಬದಲಾವಣೆಗಳಲ್ಲಿ 362ನ್ನು ವೈದ್ಯರು ಒಪ್ಪಿಕೊಂಡರು. ಇವರು ಬಂದರೆ ವೈದ್ಯರ ಅಧಿಕಾರಕ್ಕೆ ಚ್ಯುತಿ ಬರುವುದೆಂದು ಅಂಜುವವರಿಗೆ ಈ ಸಂಖ್ಯೆಯೇ ಸಮಾಧಾನ ಹೇಳಬೇಕು.

ಎರಡನೆಯ ಅಧ್ಯಯನವು 2018ರಲ್ಲಿ ಪ್ರಕಟವಾಯಿತು. ನಡೆದುದು ಆಸ್ಪತ್ರೆಯಲ್ಲಲ್ಲ, ಕ್ಷೌರದ ಅಂಗಡಿಗಳಲ್ಲಿ! ಲಾಸ್ ಏಂಜಲೀಸ್ ಪ್ರದೇಶದ ಕರಿಯ ಜನಾಂಗದ ಗಂಡಸರಲ್ಲಿ ಅಧಿಕ ರಕ್ತದೊತ್ತಡವಿದ್ದ 319 ಮಂದಿಯನ್ನು, ಅವರು ತಪ್ಪದೆ ಹೋಗುತ್ತಿದ್ದ 52 ಕ್ಷೌರದ ಅಂಗಡಿಗಳಲ್ಲಿ ಗುರುತಿಸಿದರು. ಅಂಗಡಿಗಳನ್ನು ದೈವಾಯತ್ತವಾಗಿ ಎರಡು ಗುಂಪು ಮಾಡಿದರು. ಒಂದು ಗುಂಪಿನ ಅಂಗಡಿಗಳಿಗೆ ಫಾರ್ಮಸಿಸ್ಟರು ಬಂದು, ವೈದ್ಯರೊಡನೆ ಮಾಡಿಕೊಂಡ ಒಪ್ಪಂದದಂತೆ ಔಷಧಗಳನ್ನು ಗೊತ್ತುಮಾಡಿದರು. ಇನ್ನೊಂದರಲ್ಲಿ ಕ್ಷೌರಿಕರೇ ಗಿರಾಕಿಗಳಿಗೆ ವೈದ್ಯರನ್ನು ನೋಡಿ, ಆಹಾರ ವಿಹಾರ ತಿದ್ದಿಕೊಳ್ಳಿ ಎಂದು ಬುದ್ಧಿ ಹೇಳಿದರು. ಆರು ತಿಂಗಳಲ್ಲಿ ಮೊದಲ ಗುಂಪಿನವರ ಮೇಲಿನ ರಕ್ತದೊತ್ತಡವು ಸರಾಸರಿ 27 ಮಿಲಿಮೀಟರ್ ಇಳಿಯಿತು. ಎರಡನೆಯ ಗುಂಪಿನದು 9.3. ಎರಡನೆಯ ಗುಂಪಿನಲ್ಲಿಯೂ ಇಳಿಕೆಯಾದುದನ್ನು ವಿದ್ಯಾರ್ಥಿಗಳು ಗಮನಿಸಲಿ. ಹೋಲಿಕೆಯ ಗುಂಪು ಇಲ್ಲದಿದ್ದರೆ 27 ಕೂಡ ಫಾರ್ಮಸಿಸ್ಟರ ಸಾಧನೆಯೆಂದೇ ಘೋಷಿಸಿಬಿಡುತ್ತಿದ್ದರು. ತೂಕ ಮಾಡುವ ಮೊದಲು ಬರಿಯ ತಟ್ಟೆಯನ್ನು ತೂಗಬೇಕೆಂಬ ನಮ್ಮ ಪಾಠವು ಇಲ್ಲಿಯೂ ಸಲ್ಲುತ್ತದೆ.

ಮೂರನೆಯದನ್ನು ನಾವು ಬೇಕೆಂದೇ ಆರಿಸಿದ್ದೇವೆ. ಇಂಗ್ಲೆಂಡಿನ ಪೂರ್ವಭಾಗದಲ್ಲಿ, ಆಸ್ಪತ್ರೆಯಿಂದ ಮನೆಗೆ ಮರಳಿದ, ಎಂಬತ್ತು ವರ್ಷ ದಾಟಿದ 872 ವೃದ್ಧರನ್ನು ಕುರಿತ ಈ ಅಧ್ಯಯನವು 2005ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಮಂದಿಯ ಮನೆಗೆ ಫಾರ್ಮಸಿಸ್ಟರು ಎರಡು ಸಾರಿ ಹೋಗಿ ಔಷಧಗಳನ್ನು ಪರಿಶೀಲಿಸಿ ಸಲಹೆ ಹೇಳಿದರು. ಇದರಿಂದ ಮತ್ತೆ ಆಸ್ಪತ್ರೆ ಸೇರುವುದು ತಪ್ಪುವುದೆಂದು ಎಲ್ಲರ ನಂಬಿಕೆ. ಆರು ತಿಂಗಳ ಬಳಿಕ ಎಣಿಸಿದಾಗ, ಭೇಟಿ ಪಡೆಯದ ಗುಂಪಿನಲ್ಲಿ ತುರ್ತಾಗಿ ಆಸ್ಪತ್ರೆ ಸೇರಿದ ಪ್ರಸಂಗಗಳು 178. ಭೇಟಿ ಪಡೆದವರಲ್ಲಿ 234! ಬಹುಶಃ ಕಾಯಿಲೆಯ ಸೂಚನೆಗಳನ್ನು ಚೆನ್ನಾಗಿ ಅರಿತುದರಿಂದ ಅವರು ಬೇಗ ಬೇಗ ಆಸ್ಪತ್ರೆಗೆ ಹೋಗಿರಬಹುದು. ಬಹುಶಃ ಸಲಹೆಗಳು ಗೊಂದಲವನ್ನೇ ಉಂಟುಮಾಡಿರಬಹುದು. ಕಾರಣವೇನೇ ಇರಲಿ, ಫಲವು ನಿರೀಕ್ಷೆಗೆ ವಿರುದ್ಧವಾಗಿತ್ತು. ಅಧ್ಯಯನ ನಡೆಸಿದವರು ಅದನ್ನು ಮರೆಮಾಚದೆ ಪ್ರಕಟಿಸಿದರು.

ಈ ಮೂರನ್ನೂ ಒಟ್ಟಿಗೆ ಓದಿದರೆ ಒಂದು ತಿಳಿವು ಮೂಡುತ್ತದೆ. ಫಾರ್ಮಸಿಸ್ಟರು ವೈದ್ಯರ ಜೊತೆಯಲ್ಲಿದ್ದು, ತೀರ್ಮಾನ ಮಾಡುವ ಗಳಿಗೆಯಲ್ಲಿಯೇ ಮಾತನಾಡಿದಾಗ, ಅಥವಾ ಔಷಧವನ್ನು ಬದಲಾಯಿಸುವ ಅಧಿಕಾರವನ್ನು ಪಡೆದಿದ್ದಾಗ ಲಾಭವು ಎದ್ದು ಕಂಡಿತು. ದೂರದಿಂದ ಬಂದು ಸಲಹೆ ಹೇಳಿ ಹೋದಾಗ ಕಾಣಲಿಲ್ಲ. ಮೂರೇ ಅಧ್ಯಯನಗಳಿಂದ ಇದು ಸಿದ್ಧವಾಯಿತೆನ್ನಲಾಗದು. ಆದರೆ ಪರೀಕ್ಷಿಸಲು ಯೋಗ್ಯವಾದ ಊಹೆಯೆನ್ನಬಹುದು. ಔಷಧ ಕೊಡುವವರಿಗೆ ಒಳ್ಳೆಯ ಮನಸ್ಸಿದ್ದರೆ ಸಾಲದು, ಸರಿಯಾದ ಸ್ಥಾನವೂ ಬೇಕು.

ನಮ್ಮಲ್ಲಿ ಆಗಬೇಕಾದುದು

ಈ ಅಧ್ಯಯನಗಳು ಬಾಸ್ಟನ್ನಿನವು, ಲಾಸ್ ಏಂಜಲೀಸಿನವು, ಇಂಗ್ಲೆಂಡಿನವು. ಅಲ್ಲಿ ಸಿಕ್ಕ ಉತ್ತರಗಳು ರಾಯಚೂರಿಗೂ ಚಾಮರಾಜನಗರಕ್ಕೂ ಹಾಗೆಯೇ ಸಲ್ಲುವುವೆಂದು ನಂಬುವುದು ವಿಜ್ಞಾನವಲ್ಲ. ನಮ್ಮ ವಾರ್ಡುಗಳಲ್ಲಿ ರೋಗಿಗಳು ಹೆಚ್ಚು, ಕಡತಗಳು ಕಡಿಮೆ. ನಮ್ಮ ಜನ ಒಂದೇ ಕಾಯಿಲೆಗೆ ಇಂಗ್ಲಿಷ್ ಮಾತ್ರೆಯನ್ನೂ ನಾಟಿ ಮದ್ದನ್ನೂ ಜೊತೆಯಾಗಿ ಸೇವಿಸುವುದುಂಟು. ಮಾತ್ರೆಯ ಹಾಳೆಯ ಮೇಲಿನ ಇಂಗ್ಲಿಷನ್ನು ಓದಲಾರದೆ ಬಣ್ಣದಿಂದ ಔಷಧವನ್ನು ಗುರುತಿಸುವವರು ಬಹಳ. ಆದುದರಿಂದ ನಮ್ಮ ಪ್ರಶ್ನೆಗಳಿಗೆ ನಮ್ಮ ನೆಲದಲ್ಲಿಯೇ ಉತ್ತರ ಹುಡುಕಬೇಕು.

ಅದಕ್ಕೆ ದೊಡ್ಡ ಯಂತ್ರಗಳು ಬೇಡ. ಒಂದು ಜಿಲ್ಲಾ ಆಸ್ಪತ್ರೆಯಲ್ಲಿ ಹತ್ತು ವಾರ್ಡುಗಳಿವೆಯೆನ್ನಿ. ಚೀಟಿ ಎತ್ತಿ ಐದನ್ನು ಆರಿಸಿ, ಅಲ್ಲಿಗೆ ಶಿಕ್ಷಿತರಾದ ಫಾರ್ಮಸಿಸ್ಟರನ್ನು ಒಂದು ವರ್ಷ ಕಳಿಸಲಿ. ಉಳಿದ ಐದು ಎಂದಿನಂತೆ ನಡೆಯಲಿ. ಔಷಧದ ತಪ್ಪುಗಳೆಷ್ಟು, ದುಷ್ಪರಿಣಾಮಗಳೆಷ್ಟು, ರೋಗಿಗಳು ಮಲಗಿದ ದಿನಗಳೆಷ್ಟು, ಮರಳಿ ಬಂದವರೆಷ್ಟು ಎಂದು, ಯಾವ ವಾರ್ಡು ಯಾವ ಗುಂಪಿನದೆಂದು ಅರಿಯದವರಿಂದ ಎಣಿಸಲಿ. ಫಲವು ಅನುಕೂಲವಾಗಿದ್ದರೂ ಪ್ರತಿಕೂಲವಾಗಿದ್ದರೂ ಪ್ರಕಟಿಸಲಿ. ನಮ್ಮ ಫಾರ್ಮಸಿ ಕಾಲೇಜುಗಳಲ್ಲಿ ಪದವಿಗಾಗಿ ಬರೆಯುವ ಪ್ರಬಂಧಗಳು ಇಂತಹ ಪ್ರಶ್ನೆಗಳ ಕಡೆಗೆ ತಿರುಗಿದರೆ, ವಿದ್ಯಾರ್ಥಿಗಳ ಶ್ರಮವು ಕಪಾಟಿನಲ್ಲಿ ಧೂಳು ತಿನ್ನದೆ ವಾರ್ಡಿಗೆ ಮರಳಿ ಬರುವುದು.

ಶಿಕ್ಷಣದಲ್ಲಿಯೂ ಎರಡು ಮಾತುಗಳನ್ನು ಹೇಳಬೇಕೆನಿಸುತ್ತದೆ. ಮೊದಲನೆಯದು, ಸಂಖ್ಯಾಶಾಸ್ತ್ರವನ್ನು ಪರೀಕ್ಷೆಗೆಂದು ಕಂಠಪಾಠ ಮಾಡಿಸದೆ, ನಿಜವಾದ ವಾರ್ಡಿನ ಅಂಕಿಗಳಿಂದ ಕಲಿಸಬೇಕು. ಎರಡನೆಯದು, ಕನ್ನಡದಲ್ಲಿ ಮಾತನಾಡುವುದನ್ನು ಕಲಿಸಬೇಕು. ಇದು ಹಾಸ್ಯದ ಮಾತಲ್ಲ. ಆರು ವರ್ಷ ಇಂಗ್ಲಿಷಿನಲ್ಲಿ ಔಷಧಶಾಸ್ತ್ರವನ್ನು ಓದಿದ ತರುಣರು, ‘ಈ ಮಾತ್ರೆಯನ್ನು ಅಗಿಯಬಾರದು, ಏಕೆಂದರೆ…’ ಎಂದು ಆರಂಭಿಸಿ, ಆ ‘ಏಕೆಂದರೆ’ಯನ್ನು ರೈತನೊಬ್ಬನಿಗೆ ತಿಳಿಯುವಂತೆ ಮುಗಿಸಲಾರದೆ ತಡವರಿಸುವರು. ಮುಗಿಸಲು ಬಾರದ ವಾಕ್ಯವು ರೋಗಿಗೆ ಸಿಗದ ಔಷಧವೇ ಸರಿ.

ಆಕ್ಷೇಪಗಳು ಇಲ್ಲದಿಲ್ಲ. ಖರ್ಚು ಯಾರು ಕೊಡುವರು ಎಂಬುದು ಮೊದಲನೆಯದು. ನಿಜ, ಆದರೆ ತಪ್ಪು ಔಷಧದಿಂದ ಹೆಚ್ಚಿಗೆ ಮಲಗಿದ ದಿನಗಳ ಖರ್ಚನ್ನೂ ಇದೇ ಬೊಕ್ಕಸವೇ ಕೊಡುತ್ತಿದೆ. ಎರಡರಲ್ಲಿ ಯಾವುದು ಹೆಚ್ಚೆಂಬುದು ಮೇಲಿನ ಪ್ರಯೋಗದಿಂದಲೇ ತಿಳಿದೀತು. ಔಷಧದ ಅಂಗಡಿಯು ವ್ಯಾಪಾರವಲ್ಲವೇ, ಮಾರುವವರೇ ಸಲಹೆ ಹೇಳಿದರೆ ಮಾರಾಟವೇ ಹೆಚ್ಚದೇ ಎಂಬುದು ಎರಡನೆಯದು. ಈ ಆಕ್ಷೇಪಕ್ಕೆ ಬಲವಿದೆ. ಅದಕ್ಕಾಗಿಯೇ ಮೊದಲ ಹೆಜ್ಜೆಯನ್ನು ಸರಕಾರಿ ಆಸ್ಪತ್ರೆಗಳಲ್ಲಿ ಇಡಬೇಕೆಂದು ನಾವು ಹೇಳುತ್ತೇವೆ. ಅಲ್ಲಿ ಒಂದು ಮಾತ್ರೆ ಕಡಿಮೆಯಾದರೆ ಯಾರ ಲಾಭವೂ ಕಡಿಮೆಯಾಗದು.

ಕಾಲೇಜಿನ ಹೊಸ್ತಿಲಲ್ಲಿ ನಿಂತಿರುವ ವಿದ್ಯಾರ್ಥಿಗಳಿಗೆ ಒಂದು ಮಾತು. ವೈದ್ಯಕೀಯಕ್ಕೆ ಸೀಟು ಸಿಗದವರ ಆಶ್ರಯವೆಂದು ಔಷಧ ವಿಜ್ಞಾನವನ್ನು ಕಾಣಬೇಡಿ. ರಸಾಯನ, ಗಣಿತ, ಶರೀರಶಾಸ್ತ್ರ, ಮನುಷ್ಯಸ್ವಭಾವ ಈ ನಾಲ್ಕೂ ಒಂದೆಡೆ ಕೂಡುವ ವಿದ್ಯೆಗಳು ಬಹಳವಿಲ್ಲ. ಇದನ್ನು ಓದದವರೂ ಮಾಡಬಹುದಾದ ಕೆಲಸವೊಂದಿದೆ. ಇಂದು ಸಂಜೆ ಮನೆಯ ಹಿರಿಯರ ಮಾತ್ರೆಗಳನ್ನೆಲ್ಲ ಒಂದೆಡೆ ಹರಡಿ, ಕಂಪನಿಯ ಹೆಸರಿನ ಕೆಳಗೆ ಚಿಕ್ಕ ಅಕ್ಷರದಲ್ಲಿರುವ ಔಷಧದ ಹೆಸರನ್ನು ಓದಿ ಪಟ್ಟಿಮಾಡಿ. ಒಂದೇ ಹೆಸರು ಎರಡು ಸಾರಿ ಬಂದರೆ, ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ; ಪಟ್ಟಿಯನ್ನು ವೈದ್ಯರಿಗೂ ಫಾರ್ಮಸಿಸ್ಟರಿಗೂ ತೋರಿಸಿ.

ಮಾವನವರು ಆಸ್ಪತ್ರೆಯಿಂದ ಹೊರಡುವ ದಿನ ಆ ವಿದ್ಯಾರ್ಥಿನಿಯು ದೊಡ್ಡ ಕನ್ನಡ ಅಕ್ಷರಗಳಲ್ಲಿ ಅವರ ಔಷಧಗಳ ಪಟ್ಟಿಯನ್ನು ಬರೆದುಕೊಟ್ಟಳು. ಪರೀಕ್ಷೆ ಮುಗಿದ ಮೇಲೆ ಇದೇ ಆಸ್ಪತ್ರೆಯಲ್ಲಿ ಕೆಲಸ ಮಾಡುವೆಯಾ ತಾಯಿ ಎಂದು ಮಾವನವರು ಕೇಳಿದರು. “ಇಲ್ಲಿ ನಮಗೆ ಹುದ್ದೆ ಇಲ್ಲ ತಾತ” ಎಂದಳು. ಆ ಪಟ್ಟಿಯು ಈಗಲೂ ಅವರ ದೇವರ ಮನೆಯ ಗೋಡೆಯ ಮೇಲಿದೆ. ಅದನ್ನು ಬರೆಯಲು ಕಲಿಸಿದ ನಾಡು, ಬರೆಯುವವಳಿಗೆ ಒಂದು ಕುರ್ಚಿಯನ್ನು ಹಾಕಲಾರದೇ?